ಕಾರಿಗೊಂದು ಕಂಬಳಿಕೊಪ್ಪೆ

ಮಳೆ ಒಳಗೆ ಬರಲಿಲ್ಲ, ಆದರೂ ಕಾರು ಒದ್ದೆಯಾಯಿತು! ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಯಲಿನಲ್ಲಿ ಕಾರು ನಿಲ್ಲಿಸುವವರು ಹೊದಿಕೆ ಕೊಳ್ಳುವ ಮೊದಲು ಈ ಒಗಟನ್ನು ಬಿಡಿಸಿಕೊಳ್ಳುವುದು ಒಳ್ಳೆಯದು.

ಮೃಗಶಿರ ಮಳೆ ಹಿಡಿಯುವ ಮುಂಚಿನ ನಾಲ್ಕು ದಿನ ಮಲೆನಾಡಿನ ಮನೆಗಳಲ್ಲಿ ಮುಚ್ಚುವ ಕೆಲಸವೇ ಕೆಲಸ. ಒಣಗಿದ ಸೌದೆ ಕೊಟ್ಟಿಗೆ ಸೇರಬೇಕು. ಹುಲ್ಲು, ದರಕು ಮಾಡಿನ ಕೆಳಗೆ ಬರಬೇಕು. ಅಡಿಕೆ ಒಣಗಿಸಲು ಅಂಗಳದಲ್ಲಿ ಹಾಕಿದ ಚಪ್ಪರ ಬಿಚ್ಚಿ ದಬ್ಬೆಗಳನ್ನು ಒಳಗಿಡಬೇಕು. ಇರಚಲು ಹೊಡೆಯುವ ಕಡೆ ಜಗಲಿಗೆ ಸೋಗೆಯ ತಟ್ಟಿ ಕಟ್ಟಬೇಕು. ಎಲ್ಲ ಮುಗಿಯಿತು ಎನ್ನುವಾಗ ಅಂಗಳದ ಮೂಲೆಯಲ್ಲಿ ಒಂದು ವಸ್ತು ಉಳಿದೇ ಇರುತ್ತದೆ. ಅದು ಕಾರು.

ಹಳೆಯ ಮನೆಗಳನ್ನು ಕಟ್ಟಿಸಿದವರು ದನಕ್ಕೆ ಕೊಟ್ಟಿಗೆ ಕಟ್ಟಿಸಿದರು, ಭತ್ತಕ್ಕೆ ಕಣಜ ಮಾಡಿಸಿದರು, ಅಡಿಕೆಗೆ ಅಟ್ಟ ಹಾಕಿಸಿದರು. ಕಾರಿಗೆ ಜಾಗ ಬಿಡುವ ಪ್ರಮೇಯ ಅವರಿಗೆ ಬರಲಿಲ್ಲ. ಪೇಟೆಯ ಬಾಡಿಗೆ ಮನೆಗಳ ಪಾಡೂ ಇದಕ್ಕಿಂತ ಬೇರೆಯಲ್ಲ. ಸ್ಕೂಟರ್ ನಿಲ್ಲುವಷ್ಟು ಜಾಗ ಗೇಟಿನ ಒಳಗಿದ್ದರೆ ಅದೇ ಹೆಚ್ಚು, ಕಾರು ಬೀದಿಯಲ್ಲೇ. ಹೀಗಾಗಿ ಮಳೆಗಾಲ ಹತ್ತಿರ ಬಂದಂತೆ ಮನೆಯ ಯಜಮಾನರು ಅಂಗಡಿಯಿಂದ ನೀಲಿ ಟಾರ್ಪಾಲು ತಂದು ಕಾರಿನ ಮೇಲೆ ಹೊದಿಸುತ್ತಾರೆ. ನಾಲ್ಕೂ ಕಡೆ ನೆಲ ಮುಟ್ಟುವಂತೆ ಎಳೆದು, ಹಗ್ಗ ಬಿಗಿದು, ಗಾಳಿಗೆ ಹಾರದ ಹಾಗೆ ಅಂಚಿಗೆ ಕಲ್ಲು ಹೇರುತ್ತಾರೆ. ಇನ್ನು ಒಂದು ಹನಿಯೂ ಒಳಗೆ ಹೋಗದು ಎಂಬ ನೆಮ್ಮದಿ.

ಗೌರಿ ಹಬ್ಬಕ್ಕೆ ಊರಿಗೆ ಹೋಗೋಣವೆಂದು ಹಗ್ಗ ಬಿಚ್ಚಿದಾಗ ನೋಡಿದರೆ ಬಾಗಿಲ ಕೆಳಗೆ ಕಂದು ಗೆರೆ. ಬಾನೆಟ್ಟಿನ ಮೇಲೆ ಮಾಸಲು ಬಿಳಿ ಮಚ್ಚೆ. ಸೀಟಿನ ತುಂಬ ಬೂಷ್ಟು. ಕೈಬ್ರೇಕು ಬಿಟ್ಟರೂ ಹಿಂದಿನ ಗಾಲಿ ಹಂದುವುದಿಲ್ಲ. ಬ್ಯಾಟರಿ ಸತ್ತಿದೆ. ಟಾರ್ಪಾಲು ಮಾತ್ರ ಎಲ್ಲೂ ಹರಿದಿಲ್ಲ, ಎಲ್ಲೂ ಸೋರಿಲ್ಲ!

ಇದು ಯಾವುದೋ ಒಂದು ಮನೆಯ ಕತೆಯಲ್ಲ. ಮಲೆನಾಡಿನಲ್ಲಿ ಎಷ್ಟೋ ಮನೆಗಳಲ್ಲಿ ಮಳೆಗಾಲ ಮುಗಿಯುವಾಗ ಕಾಣುವ ನೋಟ. ಕಾರು ಈಗ ಶೋಕಿಯ ವಸ್ತುವಾಗಿ ಉಳಿದಿಲ್ಲ. ನಡುರಾತ್ರಿ ಅಜ್ಜನಿಗೆ ಎದೆನೋವು ಕಾಣಿಸಿಕೊಂಡರೆ ಶಿವಮೊಗ್ಗಕ್ಕೆ ಓಡಬೇಕಾದದ್ದು ಅದೇ. ಬಸ್ಸು ತಪ್ಪಿದ ಮಗಳನ್ನು ಪರೀಕ್ಷೆಯ ಹೊತ್ತಿಗೆ ಕಾಲೇಜಿಗೆ ಮುಟ್ಟಿಸಬೇಕಾದದ್ದೂ ಅದೇ. ಬ್ಯಾಂಕಿನ ಕಂತು ತೀರುವ ಮೊದಲೇ ಬಾಗಿಲು ತುಕ್ಕು ಹಿಡಿದರೆ ಹೊಟ್ಟೆ ಉರಿಯುವುದು ಸಹಜ. ಬೇಕಾದ ರಾತ್ರಿಯೇ ಕಾರು ಹೊರಡದಿದ್ದರೆ ಅದಕ್ಕಿಂತ ದೊಡ್ಡ ನಷ್ಟ. ಹಾಗಾದರೆ ಸೋರದ ಹೊದಿಕೆಯ ಕೆಳಗೆ ನೀರು ಬಂದದ್ದು ಎಲ್ಲಿಂದ?

ನೀರು ಬಂದದ್ದು ನೆಲದಿಂದ

ಉತ್ತರ ಮೇಲಿಲ್ಲ, ಕೆಳಗಿದೆ. ಮಳೆಗಾಲದಲ್ಲಿ ಅಂಗಳದ ಮಣ್ಣು ನೀರು ಕುಡಿದು ತುಂಬಿರುತ್ತದೆ. ಆ ಮಣ್ಣಿನಿಂದ ಹಗಲೂ ರಾತ್ರಿ ತೇವ ಆವಿಯಾಗಿ ಏಳುತ್ತಲೇ ಇರುತ್ತದೆ. ಬಯಲಾದರೆ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ. ನೆಲದವರೆಗೆ ಎಳೆದು ಕಟ್ಟಿದ ಪ್ಲಾಸ್ಟಿಕ್ಕಿನ ಕೆಳಗೆ ಅದು ಎಲ್ಲಿಗೆ ಹೋಗಬೇಕು? ಅಲ್ಲೇ ಸುತ್ತುತ್ತದೆ.

ಗಾಳಿ ಎಷ್ಟು ಆವಿಯನ್ನು ಹಿಡಿದಿಡಬಲ್ಲದು ಎಂಬುದು ಅದರ ಬಿಸಿಯನ್ನು ಅವಲಂಬಿಸಿದೆ. 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 24 ಗ್ರಾಂ ನೀರಾವಿಯನ್ನು ಇಟ್ಟುಕೊಳ್ಳುತ್ತದೆ. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಇಟ್ಟುಕೊಳ್ಳಲು ಸಾಧ್ಯವಾಗುವುದು ಸುಮಾರು 17 ಗ್ರಾಂ ಮಾತ್ರ. ಉಳಿದ 7 ಗ್ರಾಂ ಹನಿಯಾಗಿ ಎಲ್ಲಾದರೂ ಕೂರಲೇಬೇಕು. ತಣ್ಣಗಿರುವ ಜಾಗ ಸಿಕ್ಕಲ್ಲಿ ಕೂರುತ್ತದೆ. ಮಳೆ ಬಿದ್ದು ತಣ್ಣಗಾದ ಟಾರ್ಪಾಲಿನ ಒಳಮೈ ಅಂಥ ಜಾಗ. ತಗಡಿನ ಬಾನೆಟ್ಟು ಇನ್ನೊಂದು. 7 ಗ್ರಾಂ ಅಲ್ಪವೆನಿಸಬಹುದು. ಆದರೆ ನೆಲ ಹೊಸ ಆವಿಯನ್ನು ಒದಗಿಸುತ್ತಲೇ ಇರುವುದರಿಂದ ಈ ಲೆಕ್ಕ ದಿನವೂ ಹೊಸದಾಗಿ ಶುರುವಾಗುತ್ತದೆ. ಹಗಲು ಒಂದಿಷ್ಟು ಬಿಸಿಲು ಬಿದ್ದು ರಾತ್ರಿ ಆಕಾಶ ತೆರೆದುಕೊಂಡ ದಿನವಂತೂ ಬೆಳಿಗ್ಗೆ ಹೊದಿಕೆಯ ಒಳಗಡೆ ಕೈಯಾಡಿಸಿದರೆ ನೀರು ಇಳಿಯುತ್ತದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಒಳಗಿನಿಂದ ನೀರು ತೊಟ್ಟಿಕ್ಕುವುದೂ ಇದೇ ಕಾರಣದಿಂದ.

ಇನ್ನು ತುಕ್ಕಿನ ಮಾತು. ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿ ನೋಡುವ ಪ್ರಯೋಗವನ್ನು ಶಾಲೆಯ ಮಕ್ಕಳು ಬಲ್ಲರು. ಗಾಳಿ ಇಲ್ಲದ ನೀರಿನಲ್ಲಿ ಮೊಳೆ ತುಕ್ಕು ಹಿಡಿಯುವುದಿಲ್ಲ, ನೀರಿಲ್ಲದ ಗಾಳಿಯಲ್ಲೂ ಹಿಡಿಯುವುದಿಲ್ಲ. ಎರಡೂ ಕೂಡಿದಾಗ ಮಾತ್ರ ಹಿಡಿಯುತ್ತದೆ. ಧಾರಾಕಾರ ಮಳೆಯೇ ಬೇಕೆಂದಿಲ್ಲ. ಗಾಳಿಯ ತೇವಾಂಶ ಸುಮಾರು ಶೇ. 60 ದಾಟಿದರೆ ಕಣ್ಣಿಗೆ ಕಾಣದ ತೆಳುವಾದ ನೀರಿನ ಪದರ ಕಬ್ಬಿಣದ ಮೇಲೆ ಕೂರುತ್ತದೆ, ತುಕ್ಕಿಗೆ ಅಷ್ಟು ಸಾಕು. ಮಲೆನಾಡಿನ ಜುಲೈ, ಆಗಸ್ಟ್‌ನಲ್ಲಿ ತೇವಾಂಶ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಬಯಲಲ್ಲಿ ನೆಂದ ಕಾರು ಗಾಳಿ ಬೀಸಿದಾಗ ಒಂದಿಷ್ಟು ಆರುತ್ತದೆ, ಮತ್ತೆ ನೆನೆಯುತ್ತದೆ, ಮತ್ತೆ ಆರುತ್ತದೆ. ಪ್ಲಾಸ್ಟಿಕ್ಕಿನ ಕೆಳಗೆ ಸಿಕ್ಕಿಬಿದ್ದ ಕಾರು ಎರಡು ತಿಂಗಳು ಆರುವುದೇ ಇಲ್ಲ. ಗಾಳಿಯಿಲ್ಲದ, ಬೆಳಕಿಲ್ಲದ ತೇವದಲ್ಲಿ ಬೂಷ್ಟು ಬೆಳೆಯದೆ ಇನ್ನೇನಾದೀತು?

ತೋಟದಲ್ಲೇ ಇದೆ ಪಾಠ

ಈ ಸಂಗತಿ ಮಲೆನಾಡಿನವರಿಗೆ ಹೊಸತಲ್ಲ. ಕಾರಿನ ವಿಷಯದಲ್ಲಿ ಮರೆತದ್ದನ್ನು ಅವರು ತೋಟದಲ್ಲಿ ಪ್ರತಿ ವರ್ಷ ನೆನಪಿಟ್ಟು ಮಾಡುತ್ತಾರೆ. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮಳೆಗೆ ಮುಂಚೆ ಮರ ಹತ್ತಿ ಕೊನೆಗೆ ಕೊಟ್ಟೆ ಕಟ್ಟುವ ಪದ್ಧತಿ ಇಲ್ಲಿ ಹಳೆಯದು. ಹಿಂದೆ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಕೊಟ್ಟೆ ಮಾಡುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಬಂತು. ವಸ್ತು ಬದಲಾದರೂ ಕ್ರಮ ಬದಲಾಗಲಿಲ್ಲ. ಕೊನೆಯ ತಲೆಯ ಮೇಲೆ ಕೊಟ್ಟೆ ಭದ್ರ, ಕೆಳಬಾಯಿ ಮಾತ್ರ ತೆರೆದೇ ಇರುತ್ತದೆ. ಕೆಳಗೂ ಕಟ್ಟಿ ಚೀಲ ಮಾಡಿದರೆ ಕಾಯಿ ಒಳಗೇ ಬೆವತು ಕೊಳೆಯುತ್ತದೆ ಎಂಬುದು ಕೊನೆಗಾರನಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಬೆನ್ನಿಗೇರಿಸುವ ಗೊರಬನ್ನೂ ನೋಡಬಹುದು. ಬಿದಿರಿನ ಕಡ್ಡಿಯ ನಡುವೆ ಎಲೆ ಹೆಣೆದ ಗೊರಬು ತಲೆ, ಬೆನ್ನನ್ನು ಕಾಯುತ್ತದೆ. ಮುಂದೆ ಪೂರ್ತಿ ಬಯಲು. ಬಗ್ಗಿ ದುಡಿಯುವ ಮೈಗೆ ಗಾಳಿ ಸಿಗುತ್ತದೆ. ಕಂಬಳಿಕೊಪ್ಪೆಯ ಗುಣವೂ ಹಾಗೆಯೇ. ಉಣ್ಣೆಯ ಎಳೆ ಹೊರಗಿನ ಹನಿಯನ್ನು ಜಾರಿಸುತ್ತದೆ. ಒಳಗಿನ ಬೆವರಿನ ಆವಿಯನ್ನು ಮಾತ್ರ ಹೀರಿಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವ ಹೀರಿದರೂ ಉಣ್ಣೆ ಮುಟ್ಟಲು ಒದ್ದೆ ಅನ್ನಿಸುವುದಿಲ್ಲ. ಪ್ಲಾಸ್ಟಿಕ್ ಹೊದ್ದು ಗುಡ್ಡ ಹತ್ತಿದವನ ಅಂಗಿ ಮಳೆಗಿಂತ ಹೆಚ್ಚಾಗಿ ಬೆವರಿನಿಂದಲೇ ನೆನೆದಿರುತ್ತದೆ.

ಕೊಟ್ಟೆ, ಗೊರಬು, ಕಂಬಳಿ ಮೂರೂ ಹೇಳುವುದು ಒಂದೇ ಮಾತು: ಮೇಲಿನ ನೀರನ್ನು ತಡೆ, ಒಳಗಿನ ತೇವವನ್ನು ಹೊರಗೆ ಬಿಡು. ಕಾರಿನ ಹೊದಿಕೆಗೂ ಇದಕ್ಕಿಂತ ಬೇರೆ ಸೂತ್ರವಿಲ್ಲ.

ಅಂಗಡಿಯಲ್ಲಿ ಸಿಗುವ ಬಟ್ಟೆಗಳು

ಕಾರಿನ ಹೊದಿಕೆಗಳು ಕೆಲವು ನೂರು ರೂಪಾಯಿಯಿಂದ ಹಲವು ಸಾವಿರದವರೆಗೆ ಸಿಗುತ್ತವೆ. ಹೆಸರು ಹತ್ತಾರು ಇದ್ದರೂ ಬಟ್ಟೆಯ ಬಗೆ ನಾಲ್ಕೈದೇ.

ಮೊದಲನೆಯದು ಟಾರ್ಪಾಲು ಅಥವಾ ಪೂರ್ತಿ ಪ್ಲಾಸ್ಟಿಕ್ ಹಾಳೆ. ನೀರು ಬಿಡುವುದಿಲ್ಲ, ಆವಿಯನ್ನೂ ಬಿಡುವುದಿಲ್ಲ. ಮೈ ಒರಟು, ಗಾಳಿಗೆ ಬಡಿದರೆ ಬಣ್ಣ ಗೀರುತ್ತದೆ. ಇದು ಚಪ್ಪರದ ಮೇಲೆ ಹಾಸಲು ಯೋಗ್ಯ, ಕಾರಿನ ಮೈಗೆ ತಾಗಿಸಲು ಅಲ್ಲ.

ಎರಡನೆಯದು ಪಾಲಿಯೆಸ್ಟರ್ ಬಟ್ಟೆ. ಕೊಡೆಯ ಬಟ್ಟೆಯಂತಿರುವ ಇದರ ಒಳಮೈಗೆ ನೀರು ತಡೆಯುವ ಲೇಪ ಕೊಟ್ಟಿರುತ್ತಾರೆ. ಕೆಲವಕ್ಕೆ ಬೆಳ್ಳಿಯ ಬಣ್ಣದ ಲೇಪವಿರುತ್ತದೆ. ಬಿಸಿಲನ್ನು ಹಿಂದಕ್ಕೆ ಹೊಡೆಯಲು ಅದು ಅನುಕೂಲ. ಹಗುರ, ಮಡಚಲು ಸುಲಭ. ಲೇಪ ದಪ್ಪವಾದಷ್ಟೂ ನೀರು ತಡೆಯುತ್ತದೆ, ಆದರೆ ಅಷ್ಟೇ ಮಟ್ಟಿಗೆ ಆವಿಯನ್ನೂ ತಡೆಯುತ್ತದೆ. ಎರಡು ಮೂರು ಮಳೆಗಾಲ ಕಳೆಯುವಾಗ ಲೇಪ ಹೊಟ್ಟಿನಂತೆ ಉದುರುವುದೂ ಉಂಟು.

ಮೂರನೆಯದು ನೇಯದ ಪಾಲಿಪ್ರೊಪಿಲೀನ್. ಬಟ್ಟೆ ಅಂಗಡಿಯಲ್ಲಿ ಕೊಡುವ ನಾರಿನಂಥ ಕೈಚೀಲ ಇದರದೇ. ಗಾಳಿ ಚೆನ್ನಾಗಿ ಆಡುತ್ತದೆ, ದೂಳು ತಡೆಯುತ್ತದೆ. ಜೋರು ಮಳೆಗೆ ನೀರು ಬಿಟ್ಟುಕೊಳ್ಳುತ್ತದೆ. ಬಿಸಿಲನ್ನು ತಾಳುವ ಔಷಧ ಸೇರಿಸದಿದ್ದರೆ ನೇರಳಾತೀತ ಕಿರಣಕ್ಕೆ ಪುಡಿಪುಡಿಯಾಗುತ್ತದೆ.

ನಾಲ್ಕನೆಯದು ಹಲವು ಪದರಗಳದು. ಮೇಲೆ ಕೆಳಗೆ ನೇಯದ ಬಟ್ಟೆ, ನಡುವೆ ಅತಿ ಸಣ್ಣ ರಂಧ್ರಗಳಿರುವ ತೆಳು ಪೊರೆ. ಇದರ ಹಿಂದಿನ ವಿಜ್ಞಾನ ಸ್ವಾರಸ್ಯವಾದುದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬವರು ಟೆಫ್ಲಾನ್ ವಸ್ತುವನ್ನು ಬಿಸಿಮಾಡಿ ಥಟ್ಟನೆ ಎಳೆದಾಗ ಅದು ಹರಿಯದೆ, ಕಣ್ಣಿಗೆ ಕಾಣದ ರಂಧ್ರಗಳಿಂದ ತುಂಬಿದ ಪೊರೆಯಾಯಿತು. ಆ ರಂಧ್ರ ನೀರಿನ ಹನಿಗಿಂತ ಸುಮಾರು 20,000 ಪಾಲು ಸಣ್ಣದು, ಆದರೆ ನೀರಾವಿಯ ಅಣುವಿಗಿಂತ ಸುಮಾರು 700 ಪಾಲು ದೊಡ್ಡದು. ಹನಿ ನುಗ್ಗಲಾರದು, ಆವಿ ನುಸುಳಬಲ್ಲದು! ಚಾರಣಿಗರ ದುಬಾರಿ ಮಳೆಯಂಗಿಗಳು ಹುಟ್ಟಿದ್ದು ಇದರಿಂದ. ಕಾರಿನ ಹೊದಿಕೆಗಳಲ್ಲಿ ಅದೇ ತತ್ವದ, ಅಗ್ಗದ ಬೇರೆ ಪೊರೆಗಳನ್ನು ಬಳಸುತ್ತಾರೆ.

ಡಬ್ಬಿಯ ಮೇಲೆ ಬರೆದ ಅಂಕೆಗಳನ್ನು ಓದಲು ಕಲಿತರೆ ಮೋಸ ಹೋಗುವುದು ತಪ್ಪುತ್ತದೆ. ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂಗಳಲ್ಲಿ. ಡೆನಿಯರ್ ಎಂದರೆ 9,000 ಮೀಟರ್ ಉದ್ದದ ನೂಲಿನ ತೂಕ. ಅಂಕೆ ದೊಡ್ಡದಾದರೆ ನೂಲು ದಪ್ಪ. ನೀರು ತಡೆಯುವ ಶಕ್ತಿಯನ್ನು ಮಿ.ಮೀ.ಗಳಲ್ಲಿ ಹೇಳುತ್ತಾರೆ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ, ಅದು ಎಷ್ಟು ಎತ್ತರವಾದಾಗ ನೀರು ಆಚೆ ಜಿನುಗುತ್ತದೆ ಎಂದು ಅಳೆದ ಲೆಕ್ಕ ಅದು.

ತೂಕದ ಲೆಕ್ಕವನ್ನು ಹೈಸ್ಕೂಲಿನ ಮಕ್ಕಳೇ ಪರೀಕ್ಷಿಸಬಹುದು. ಮಾರುತಿ 800 ಕಾರನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು 3.3 ಮೀಟರ್, ಅಗಲ 1.4, ಎತ್ತರ 1.4 ಮೀಟರ್. ಅದನ್ನು ಒಂದು ಪೆಟ್ಟಿಗೆ ಎಂದುಕೊಂಡು ಮೇಲ್ಮೈ ಮತ್ತು ನಾಲ್ಕು ಬದಿಗಳ ವಿಸ್ತೀರ್ಣ ಕೂಡಿದರೆ ಸುಮಾರು 18 ಚದರ ಮೀಟರ್ ಬರುತ್ತದೆ. 100 ಜಿ.ಎಸ್.ಎಂ. ಎಂದು ಬರೆದ ಹೊದಿಕೆ ಹತ್ತಿರ ಹತ್ತಿರ 1.8 ಕಿಲೋ ತೂಗಬೇಕು. ತಕ್ಕಡಿಯಲ್ಲಿ ಒಂದು ಕಿಲೋ ಕೂಡ ತೂಗದಿದ್ದರೆ ಬರೆದದ್ದಕ್ಕೂ ಕೊಟ್ಟದ್ದಕ್ಕೂ ಅಂತರವಿದೆ ಎಂದೇ ಅರ್ಥ.

ಎರಡು ಲೋಟದ ಪರೀಕ್ಷೆ

ಬಟ್ಟೆಯ ಚೂರು ಸಿಕ್ಕರೆ ಮನೆಯಲ್ಲೇ ಇನ್ನೂ ಎರಡು ಪರೀಕ್ಷೆ ಮಾಡಬಹುದು. ಹಳೆಯ ಪತ್ರಿಕೆಯ ಮೇಲೆ ಬಟ್ಟೆಯನ್ನು ಗುಳಿ ಬೀಳುವಂತೆ ಹಾಸಿ, ಅರ್ಧ ಲೋಟ ನೀರು ಹಾಕಿ ಅರ್ಧ ಗಂಟೆ ಬಿಡಿ. ಪತ್ರಿಕೆ ಒಣಗಿದ್ದರೆ ನೀರು ತಡೆಯುತ್ತದೆ. ಹೊಲಿಗೆ ಬಂದ ಜಾಗವನ್ನೂ ಹೀಗೆಯೇ ನೋಡಬೇಕು, ಏಕೆಂದರೆ ಸೂಜಿಯ ತೂತಿನಿಂದಲೇ ಸೋರಿಕೆ ಶುರುವಾಗುವುದು.

ಎರಡನೆಯದು ಆವಿಯ ಪರೀಕ್ಷೆ. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಒಂದೇ ಮಟ್ಟಕ್ಕೆ ನೀರು ತುಂಬಿ. ಒಂದರ ಬಾಯಿಗೆ ಪ್ಲಾಸ್ಟಿಕ್ ಹಾಳೆ, ಇನ್ನೊಂದಕ್ಕೆ ಹೊದಿಕೆಯ ಬಟ್ಟೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ. ಒಲೆಯ ಹತ್ತಿರದ ಬೆಚ್ಚಗಿನ ಜಾಗದಲ್ಲಿ ಮೂರು ದಿನ ಇಟ್ಟು, ಮೊದಲೂ ಆಮೇಲೂ ತೂಗಿ ನೋಡಿ. ಪ್ಲಾಸ್ಟಿಕ್ ಕಟ್ಟಿದ ಲೋಟ ಅಷ್ಟೇ ತೂಗುತ್ತದೆ. ಬಟ್ಟೆ ಕಟ್ಟಿದ ಲೋಟ ಹಗುರಾಗಿದ್ದರೆ ಆ ಬಟ್ಟೆ ಉಸಿರಾಡುತ್ತದೆ. ಬಟ್ಟೆ ಪರೀಕ್ಷಿಸುವ ಪ್ರಯೋಗಾಲಯಗಳಲ್ಲೂ ನಡೆಯುವುದು ಈ ಲೋಟದ ಪರೀಕ್ಷೆಯೇ. ಅಲ್ಲಿ ಬಿಸಿ ಮತ್ತು ತೇವಾಂಶವನ್ನು ಕಟ್ಟುನಿಟ್ಟಾಗಿ ಕಾಯ್ದುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಈ ಪರೀಕ್ಷೆಯನ್ನು ಬೇಸಿಗೆಯಲ್ಲೊಮ್ಮೆ, ಆಶ್ಲೇಷ ಮಳೆಯಲ್ಲೊಮ್ಮೆ ಒಲೆಯಿಂದ ದೂರ ಇಟ್ಟು ಮಾಡಿದರೆ ಒಂದು ದೊಡ್ಡ ಸತ್ಯ ತಿಳಿಯುತ್ತದೆ. ಬೇಸಿಗೆಯಲ್ಲಿ ಬೇಗ ಬೇಗ ಹಗುರಾದ ಲೋಟ ಮಳೆಗಾಲದಲ್ಲಿ ಹಗುರಾಗುವುದೇ ಇಲ್ಲವೆನ್ನುವಷ್ಟು ನಿಧಾನ. ಬಟ್ಟೆ ಅದೇ. ಆದರೆ ಹೊರಗಿನ ಗಾಳಿಯೇ ತೇವದಿಂದ ತುಂಬಿ ತುಳುಕುವಾಗ ಒಳಗಿನ ಆವಿ ಹೊರಗೆ ಹೋಗುವುದಾದರೂ ಹೇಗೆ? ಉಸಿರಾಡುವ ಹೊದಿಕೆ ಎಂದು ಜಾಹೀರಾತು ಹೇಳುವುದು ಸುಳ್ಳಲ್ಲ. ಆದರೆ ಒಣ ಊರಿನಲ್ಲಿ ಅದು ಉಸಿರಾಡುವಷ್ಟು ಸರಾಗವಾಗಿ ಮಲೆನಾಡಿನ ಮಳೆಗಾಲದಲ್ಲಿ ಉಸಿರಾಡಲಾರದು. ಬೆಂಗಳೂರಿನ ವಾರ್ಷಿಕ ಮಳೆ 1,000 ಮಿ.ಮೀ. ಆಸುಪಾಸು. ಆಗುಂಬೆಯದು ಸರಾಸರಿ 7,000 ಮಿ.ಮೀ.ಗೂ ಹೆಚ್ಚು. ಅಲ್ಲಿ ಚೆನ್ನಾಗಿ ಬಾಳಿದ ಹೊದಿಕೆ ಇಲ್ಲೂ ಬಾಳುತ್ತದೆ ಎಂದು ನಂಬಿ ಕೂರುವಂತಿಲ್ಲ.

ಮೂರು ತಾಲ್ಲೂಕು, ಮೂರು ಬಗೆ

ಆದ್ದರಿಂದ ಯಾವ ಹೊದಿಕೆ ಒಳ್ಳೆಯದು ಎಂದು ಕೇಳುವ ಮೊದಲು, ಕಾರು ಎಲ್ಲಿ ನಿಲ್ಲುತ್ತದೆ, ಎಷ್ಟು ದಿನಕ್ಕೊಮ್ಮೆ ಹೊರಡುತ್ತದೆ ಎಂದು ಕೇಳಿಕೊಳ್ಳಬೇಕು.

ಸಾಗರದ ಪೇಟೆಯಲ್ಲಿ ಮಳೆ ಆಗುಂಬೆಗಿಂತ ಬಹಳ ಕಡಿಮೆ. ಕಾರು ಬೀದಿಯಲ್ಲಿ ನಿಂತರೂ ದಿನವೂ ಓಡುತ್ತದೆ. ಇಲ್ಲಿ ಫೆಬ್ರುವರಿಯಿಂದ ಮೇವರೆಗಿನ ಬಿಸಿಲು, ಕೆಂಪು ದೂಳು, ಹಕ್ಕಿಯ ಹಿಕ್ಕೆ, ಮಾವು ಹಲಸಿನ ಅಂಟು ದೊಡ್ಡ ಶತ್ರುಗಳು. ಬೆಳ್ಳಿಲೇಪದ ಪಾಲಿಯೆಸ್ಟರ್ ಅಥವಾ ಬಿಸಿಲು ತಾಳುವ ನೇಯದ ಬಟ್ಟೆ ಸಾಕು. ದಿನವೂ ಓಡುವ ಕಾರಿಗೆ ಮಳೆಗಾಲದಲ್ಲಿ ಹೊದಿಕೆಯ ಅಗತ್ಯವೇ ಕಡಿಮೆ. ಇಂಜಿನ್ನಿನ ಬಿಸಿ ಮತ್ತು ಓಡಾಟದ ಗಾಳಿಯೇ ಅದನ್ನು ಆರಿಸುತ್ತವೆ. ಒದ್ದೆ ಕಾರಿಗೆ ಒದ್ದೆ ಹೊದಿಕೆ ಹಾಕುವುದಕ್ಕಿಂತ ಹಾಕದೆ ಬಿಡುವುದು ಮೇಲು.

ಶರಾವತಿ ಹಿನ್ನೀರಿನ ಆಚೆ ದಡದವರಿಗೆ ಬೇರೆ ಅನುಭವವಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದು ನಿಲ್ಲುತ್ತಿತ್ತು; ಮರದ ನೆರಳೂ ಇಲ್ಲದ ದಂಡೆಯಲ್ಲಿ ಕಾರು ಬಿಟ್ಟು ಹೋಗಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಸೇತುವೆ ತೆರೆದ ಮೇಲೆ ಆ ಕಷ್ಟ ಕಳೆಯಿತು.

ಹೊಸನಗರ ತಾಲ್ಲೂಕಿನ ನಗರ, ಹುಲಿಕಲ್ಲು ಕಡೆಯ ಅಡಿಕೆ ಮನೆಗಳಲ್ಲಿ ಜಾಗಕ್ಕೆ ಬರವಿಲ್ಲ, ಮಳೆಗೂ ಬರವಿಲ್ಲ. ಮಳೆಯಲ್ಲಿ ಹುಲಿಕಲ್ಲು ಆಗುಂಬೆಗೇ ಸಾಟಿ. ಇಂಥ ಕಡೆ ಹೊದಿಕೆಗೆ ಹಾಕುವ ಹಣವನ್ನು ಒಂದು ಮಾಡಿಗೆ ಹಾಕುವುದು ಜಾಣತನ. ನಾಲ್ಕು ಕಂಬ, ಮೇಲೆ ತಗಡು, ಇರಚಲು ಬರುವ ಪಡುವಣ ಬದಿಗೆ ಮಾತ್ರ ತಟ್ಟಿ, ಉಳಿದ ಮೂರು ಬದಿ ಬಯಲು. ನೆಲಕ್ಕೆ ಜಂಬಿಟ್ಟಿಗೆಯ ಕಲ್ಲೋ ಸಿಮೆಂಟೋ ಹಾಕಿದರೆ ಕೆಳಗಿನ ಆವಿ ಬಹುಮಟ್ಟಿಗೆ ನಿಲ್ಲುತ್ತದೆ. ಇದು ಕಾರಿಗೆ ಕಟ್ಟಿದ ಕೊಟ್ಟೆ: ತಲೆ ಮುಚ್ಚಿದೆ, ಬಾಯಿ ತೆರೆದಿದೆ. ಇದರ ಕೆಳಗೆ ನೇಯದ ಬಟ್ಟೆಯ ತೆಳು ಹೊದಿಕೆಯೊಂದಿದ್ದರೆ ಸಾಕೇ ಸಾಕು. ಮಾಡು ಹಾಕುವಾಗ ತೆಂಗು, ಅಡಿಕೆ ಮರದ ಬುಡ ಬಿಟ್ಟು ದೂರ ಹಾಕಬೇಕು. ಬೀಳುವ ತೆಂಗಿನಕಾಯಿಯನ್ನು ಯಾವ ಹೊದಿಕೆಯೂ ತಡೆಯಲಾರದು.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆಯ ಕಷ್ಟ ಇನ್ನೊಂದು ಬಗೆಯದು. ಒಂಟಿ ಮನೆಗಳು, ಡಾಂಬರು ರಸ್ತೆಯಿಂದ ಮನೆಗೆ ಮಣ್ಣಿನ ದಾರಿ. ಮಳೆ ಹಿಡಿದ ಮೇಲೆ ಆ ಏರು ಹತ್ತಲಾಗದೆ ಕಾರನ್ನು ರಸ್ತೆ ಬದಿಯಲ್ಲೇ ದಿನಗಟ್ಟಲೆ ನಿಲ್ಲಿಸಿ ನಡೆದು ಹೋಗುವವರಿದ್ದಾರೆ. ಮಾಡು ಕಟ್ಟಲು ಅದು ಅವರ ಜಾಗವಲ್ಲ. ಹಲವು ಪದರದ, ಉಸಿರಾಡುವ ಹೊದಿಕೆಗೆ ಹೆಚ್ಚು ದುಡ್ಡು ಕೊಡಬೇಕಾದವರು ಇವರೇ. ಹೊದಿಕೆಯ ಅಂಚು ನೆಲದಿಂದ ಒಂದು ಗೇಣು ಮೇಲಿರಬೇಕು. ಬದಿಯಲ್ಲಿ ಗಾಳಿಕಿಂಡಿ ಇರಬೇಕು. ಹೊಟ್ಟೆಯ ಕೆಳಗೆ ಕಟ್ಟುವ ಪಟ್ಟಿ ಇರಬೇಕು, ಇಲ್ಲವಾದರೆ ಆಷಾಢದ ಗಾಳಿಗೆ ಹೊದಿಕೆ ಗದ್ದೆ ಸೇರುತ್ತದೆ.

ಹೊದಿಸುವುದಕ್ಕೂ ಒಂದು ಕ್ರಮ

ಒಳ್ಳೆಯ ಹೊದಿಕೆಯನ್ನು ತಪ್ಪಾಗಿ ಹೊದಿಸಿದರೆ ಅದೂ ಶತ್ರುವೇ. ದೂಳು ಕೂತ ಕಾರಿಗೆ ಹೊದಿಕೆ ಎಳೆದರೆ ಬಟ್ಟೆ ಮರಳು ಕಾಗದವಾಗುತ್ತದೆ. ಮೊದಲು ತೊಳೆದು ಆರಿಸಬೇಕು. ಆಗುಂಬೆ, ಹುಲಿಕಲ್ಲು ಘಾಟಿ ಇಳಿದು ಉಡುಪಿ, ಕುಂದಾಪುರದ ಕಡಲತೀರಕ್ಕೆ ಹೋಗಿ ಬಂದ ಕಾರನ್ನು ಅಡಿಭಾಗವೂ ಸೇರಿ ಸಿಹಿನೀರಿನಲ್ಲಿ ತೊಳೆಯದೆ ಮುಚ್ಚಬಾರದು. ಉಪ್ಪು ತುಕ್ಕಿನ ವೇಗವನ್ನು ಹೆಚ್ಚಿಸುತ್ತದೆ. ಸೈಲೆನ್ಸರ್ ಆರುವ ತನಕ ಅರ್ಧ ಗಂಟೆ ಕಾಯಬೇಕು. ಬಿಸಿ ಕೊಳವೆಗೆ ತಾಗಿದ ಹೊದಿಕೆ ಕರಗುತ್ತದೆ. ಬೇಸಿಗೆಯಲ್ಲಿ ಒಣ ದರಕಿನ ಮೇಲೆ ಕಾರು ನಿಲ್ಲಿಸಿದರೆ ಬೆಂಕಿಯ ಅಪಾಯವೂ ಇದೆ.

ಬಹಳ ದಿನ ನಿಲ್ಲುವ ಕಾರಿಗೆ ಕೈಬ್ರೇಕು ಎಳೆದಿಡುವ ಬದಲು ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಗಾಲಿಗೆ ಮರದ ತುಂಡು ಕೊಡಬೇಕು. ಒದ್ದೆ ಕೊಡೆ, ಕಾಲೊರಸು ಒಳಗೆ ಉಳಿಯಬಾರದು. ಬಾಗಿಲ ಅಡಿಯಲ್ಲಿ ನೀರು ಇಳಿದುಹೋಗಲೆಂದೇ ಇಟ್ಟ ಸಣ್ಣ ತೂತುಗಳಿವೆ. ಅವುಗಳಲ್ಲಿ ಕೆಸರು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಬೇಕು. ಕೆಳಗಿನಿಂದ ತಿನ್ನುವ ತುಕ್ಕು ಹಲವು ಬಾರಿ ಅಲ್ಲಿಂದಲೇ ಶುರುವಾಗುತ್ತದೆ, ಅದನ್ನು ಹೊದಿಕೆ ಕಾಣದು. ಬೆಚ್ಚಗೆ, ಕತ್ತಲಾಗಿರುವ ಬಾನೆಟ್ಟು ಇಲಿಗಳಿಗೆ ಇಷ್ಟದ ಮನೆ. ವಾರಕ್ಕೊಮ್ಮೆ ತೆರೆದು ನೋಡಿದರೆ ವೈರುಗಳು ಉಳಿಯುತ್ತವೆ. ಇಲಿ ಇದ್ದಲ್ಲಿಗೆ ಹಾವು ಬರುವುದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹೊದಿಕೆಯ ಅಂಚನ್ನು ಮೊದಲು ಕೋಲಿನಿಂದ ಎತ್ತಿ ನೋಡುವ ಅಭ್ಯಾಸ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು, ಹೊಳವಾದಾಗ ಹೊದಿಕೆ ತೆಗೆಯುವುದು. ಎಂಥ ಮಳೆಗಾಲದಲ್ಲೂ ನಡುವೆ ಒಂದೆರಡು ಗಂಟೆ ಮಳೆ ಬಿಡುತ್ತದೆ. ಆ ಹೊತ್ತಿಗೆ ಹೊದಿಕೆ ಸರಿಸಿ, ನಾಲ್ಕೂ ಬಾಗಿಲು ತೆರೆದಿಟ್ಟು, ಕಾರನ್ನು ಸ್ವಲ್ಪ ದೂರ ಓಡಿಸಿ ತಂದರೆ ಬ್ಯಾಟರಿ, ಬ್ರೇಕು, ಸೀಟು ಎಲ್ಲಕ್ಕೂ ಜೀವ ಬರುತ್ತದೆ. ವಾರಕ್ಕೊಂದು ಸಲ ಹೀಗೆ ಮಾಡಿದರೂ ಗೌರಿ ಹಬ್ಬದ ದಿನ ತಲೆಯ ಮೇಲೆ ಕೈಹೊತ್ತು ಕೂರಬೇಕಾಗಿಲ್ಲ.

ತಂದೆ ತಾಯಂದಿರು ಗಮನಿಸಬೇಕಾದದ್ದು

ತುಕ್ಕಿಗಿಂತ ದೊಡ್ಡ ಮಾತು ಒಂದಿದೆ. ರಜೆಯಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ಹೊದಿಕೆ ಹಾಕಿದ ಕಾರು ಅಡಗಲು ಒಳ್ಳೆಯ ಜಾಗವಾಗಿ ಕಾಣುತ್ತದೆ. ಒಳಗೆ ಹೊಕ್ಕ ಸಣ್ಣ ಮಗುವಿಗೆ ಬಾಗಿಲು ತೆರೆಯಲು ಬಾರದೇ ಹೋಗಬಹುದು. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಬಿಸಿ ಬಹುಪಾಲು ಏರುವುದು ಮೊದಲ ಅರ್ಧ ಗಂಟೆಯಲ್ಲೇ. ದೊಡ್ಡವರಿಗಿಂತ ಮಕ್ಕಳ ಮೈ ಬೇಗ ಕಾಯುತ್ತದೆ. ಮುಚ್ಚಿದ ಕಾರಿನೊಳಗೆ ಸಿಲುಕಿ ಮಕ್ಕಳು ಪ್ರಾಣ ಕಳೆದುಕೊಂಡ ಸುದ್ದಿಗಳು ದೇಶದ ಹಲವು ಕಡೆಗಳಿಂದ ಬಂದಿವೆ. ಬಯಲಲ್ಲಿ ನಿಂತ ಕಾರಾದರೆ ದಾರಿಹೋಕರ ಕಣ್ಣಿಗಾದರೂ ಬೀಳುತ್ತದೆ. ಹೊದಿಕೆಯ ಕೆಳಗಿನದು ಯಾರಿಗೂ ಕಾಣದು. ಆದ್ದರಿಂದ ಹೊದಿಸುವ ಮೊದಲು ಹಿಂದಿನ ಸೀಟು ನೋಡಿ, ನಾಲ್ಕೂ ಬಾಗಿಲು, ಡಿಕ್ಕಿ ಬೀಗ ಹಾಕಿ, ಕೀಲಿಯನ್ನು ಮಕ್ಕಳ ಕೈಗೆ ಸಿಗದಲ್ಲಿ ಇಡಬೇಕು. ಮಗು ಕಾಣದಾದರೆ ಬಾವಿ, ಕೆರೆಯ ಜೊತೆಗೆ ಕಾರನ್ನೂ ಮೊದಲೇ ನೋಡಬೇಕು. ಹೊದಿಕೆಯ ಕೆಳಗೆ ಎಂದೂ ಇಂಜಿನ್ ಚಾಲೂ ಮಾಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದ ವಿಷ.

ಮಳೆಯಲ್ಲಿ ನೆಂದು ಬಂದವರು ಕಂಬಳಿಯನ್ನು ಮಡಚಿ ಮೂಲೆಗೆ ಎಸೆಯುವುದಿಲ್ಲ. ಕೊಡವಿ, ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿ, ಮಾರನೆಯ ದಿನಕ್ಕೆ ಬೆಚ್ಚಗೆ ಒಣಗಿಸಿಡುತ್ತಾರೆ. ಅದೊಂದು ಕಂಬಳಿ ಎಷ್ಟೋ ಮಳೆಗಾಲ ಬಾಳುವುದು ಈ ಆರೈಕೆಯಿಂದಲೇ. ಕಾರಿನ ಹೊದಿಕೆಯೂ ಬೇಡುವುದು ಅಷ್ಟನ್ನೇ. ಈ ಸಲ ಹೊದಿಕೆ ಕೊಳ್ಳಲು ಹೊರಟಾಗ ಮನೆಯ ಮಕ್ಕಳನ್ನೂ ಅಂಗಡಿಗೆ ಕರೆದುಕೊಂಡು ಹೋದರೆ ಒಳ್ಳೆಯದು. ತೂಕದ ಲೆಕ್ಕ ಹಾಕುವುದು, ಎರಡು ಲೋಟದ ಪರೀಕ್ಷೆ ಮಾಡುವುದು, ಹೊಳವಾದ ಕೂಡಲೇ "ಅಪ್ಪಯ್ಯ, ಕಾರಿನ ಹೊದಿಕೆ ತೆಗೆಯೋಣ" ಎಂದು ನೆನಪಿಸುವುದು ಅವರಿಗೇ ಬಿಟ್ಟ ಕೆಲಸವಾಗಲಿ.